ಆ ಗಲಾಟೆಯನ್ನು ಕತ್ತರಿಸಬೇಡಿ

ಪ್ರಶ್ನೆ: ಕುವೈತ್‌ನಲ್ಲಿದ್ದ ಮಾವ ತಂದಿದ್ದ ಈಜಿಪ್ಟಿನ ಗಾಯಕಿ ಉಮ್ ಕುಲ್ಸುಮ್ ಅವರ ಕ್ಯಾಸೆಟ್ಟೊಂದನ್ನು ಈಚೆಗೆ ಕೇಳಿದೆ. ಒಂದೇ ಹಾಡು ಸುಮಾರು ಒಂದು ಗಂಟೆ! ಹಾಡಿದ ಸಾಲನ್ನೇ ಮತ್ತೆ ಮತ್ತೆ ಹಾಡುತ್ತಾರೆ, ನಡುವೆ ಜನರ ಕೂಗಾಟ. ಗಲಾಟೆಯಿಲ್ಲದ ಚಿಕ್ಕ ಧ್ವನಿಮುದ್ರಣ ಸಿಗುತ್ತದೆಯೇ? ರಾಗ ಹಾಕಿದವರೂ ಅವರೇನಾ?
(ಉಡುಪಿಯ ಓದುಗರೊಬ್ಬರು)

ಉತ್ತರ: ಹುಡುಕಿದರೆ ಚಿಕ್ಕದೂ ಸಿಕ್ಕೀತು. ನನ್ನನ್ನು ಕೇಳಿದರೆ, ಬೇಡ.

ಆಕೆಯ ಗುರುವಾರದ ಕಛೇರಿಗಳನ್ನು ಕೈರೊ ರೇಡಿಯೊ ದಶಕಗಳ ಕಾಲ ನೇರವಾಗಿ ಬಿತ್ತರಿಸಿತು. ನಿಮ್ಮ ಕ್ಯಾಸೆಟ್ಟೂ ಅಂಥದೇ ಒಂದು ರಾತ್ರಿಯದಿರಬೇಕು. ಸಾಲು ಮುಗಿಯುತ್ತಲೇ ಸಭೆ 'ಅಲ್ಲಾಹ್!' ಎನ್ನುತ್ತದೆ, ಮತ್ತೊಮ್ಮೆ ಎಂದು ಬೇಡುತ್ತದೆ. ಆಕೆ ಹಾಡುತ್ತಾರೆ, ಆದರೆ ಹಾಡಿದ ಹಾಗೆಯೇ ಅಲ್ಲ. ಈ ಸಲ ಬೇರೊಂದು ಪದದ ಮೇಲೆ ನಿಂತು, ಬೇರೆ ಹಾದಿಯಲ್ಲಿ ಇಳಿದು ಬರುತ್ತಾರೆ. ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸಿ ಹಾಡುವ ನಮ್ಮ ಕರ್ನಾಟಕ ಸಂಗೀತದ ನೆರವಲ್ ನೆನಪಾಗುತ್ತದೆ ಅಲ್ಲವೇ? ವ್ಯತ್ಯಾಸವಿಷ್ಟೇ, ನೆರವಲ್ ಎಲ್ಲಿ ಎಂಬುದು ಗಾಯಕರ ಇಚ್ಛೆ; ಅಲ್ಲಿ ಸಭೆಯ ಮಾತೂ ನಡೆಯುತ್ತದೆ. ಹಾಡುವವರಿಗೂ ಕೇಳುವವರಿಗೂ ಒಟ್ಟಿಗೆ ಏರುವ ಆ ಅಮಲಿಗೆ ಅರಬರು 'ತರಬ್' ಎನ್ನುತ್ತಾರೆ. ಕೂಗು ತೆಗೆದರೆ ಪ್ರಶ್ನೆ ಅಳಿಸಿ ಉತ್ತರ ಮಾತ್ರ ಉಳಿಸಿದಂತೆ.

ಶ್ರುತಿ ತಪ್ಪಿದಂತೆ ಕೇಳಿಸಿದರೆ ಗಾಬರಿಯಾಗಬೇಡಿ. ರಾಸ್ತ್ ಎಂಬ ಮಕಾಮಿನ (ಅರಬರ ರಾಗವೆನ್ನಿ) ಗಾಂಧಾರ, ಅಂದರೆ 'ಗ' ಸ್ವರ, ನಮ್ಮ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಕೂರುತ್ತದೆ. ಹಾರ್ಮೋನಿಯಂನಲ್ಲಿ ಅದಕ್ಕೆ ಮನೆಯೇ ಇಲ್ಲ.

ಇನ್ನು ರಾಗ ಹಾಕಿದವರು. ಆಕೆಯಲ್ಲ. 1966ರ 'ಅಲ್ ಅತ್ಲಾಲ್' ರಿಯಾದ್ ಅಲ್ ಸುಂಬಾತಿಯವರದು, ಸಾಹಿತ್ಯ ಕವಿ ಇಬ್ರಾಹಿಂ ನಾಜಿಯವರದು. 1964ರ 'ಇಂತ ಉಮ್ರಿ' ('ನೀನೇ ನನ್ನ ಬಾಳು'; ಉರ್ದು ಬಲ್ಲವರಿಗೆ 'ಉಮ್ರ್' ಗೊತ್ತಿರುತ್ತದೆ) ಮೊಹಮ್ಮದ್ ಅಬ್ದುಲ್ ವಹಾಬ್ ಅವರದು. ಎಲೆಕ್ಟ್ರಿಕ್ ಗಿಟಾರನ್ನು ಆಕೆಯ ಮೇಳದೊಳಗೆ ಕೂರಿಸಿದ ಧೈರ್ಯವಂತ.

ನನ್ನನ್ನು ಕಾಡುವವರು ಮಾತ್ರ ಮೊಹಮ್ಮದ್ ಅಲ್ ಕಸಬ್ಜಿ. 1920ರ ದಶಕದಲ್ಲಿ, ಹಳ್ಳಿಯಿಂದ ಬಂದ ಈ ಹುಡುಗಿಗೆ ಹೊಸ ಬಗೆಯ ಹಾಡು ಕಟ್ಟಿಕೊಟ್ಟವರಲ್ಲಿ ಮುಖ್ಯರು. 1940ರ ದಶಕದ ಬಳಿಕ ಅವರ ಹೊಸ ರಾಗಗಳು ಆಕೆಯ ಕಛೇರಿಯಲ್ಲಿ ಕೇಳಿಬರಲಿಲ್ಲ. ಮುನಿಸಿಕೊಂಡು ಹೋದರೇ? ಇಲ್ಲ. ಆಕೆಯ ಬೆನ್ನ ಹಿಂದೆ ಊದ್ ಎಂಬ ತಂತಿವಾದ್ಯ ಹಿಡಿದು ಕುರ್ಚಿಯಲ್ಲಿ ಕೂತರು, ಬೇರೆಯವರ ರಾಗಗಳನ್ನು ನುಡಿಸುತ್ತಾ, 1966ರಲ್ಲಿ ತೀರಿಕೊಳ್ಳುವ ತನಕ.

ಕ್ಯಾಸೆಟ್ಟಿನ ಮೇಲೆ ಅರಬಿಯಲ್ಲಿ ಬರೆದಿದ್ದರೆ ಅದರ ಫೋಟೊ ಕಳಿಸಿ, ಓದಿಸಿ ಯಾವ ಹಾಡೆಂದು ಹೇಳುತ್ತೇನೆ.