ಲಖನೌದಿಂದ ಲಾಹೋರಿನವರೆಗೆ: ಜಿನ್ನಾ ಬದಲಾದ ಬಗೆ

ಮಾನ್ಯರೇ,

ಕಳೆದ ಸಂಚಿಕೆಯ ದೇಶವಿಭಜನೆಯ ಲೇಖನದಲ್ಲಿ ಮಹಮ್ಮದಲಿ ಜಿನ್ನಾ ಅವರನ್ನು ‘ಹಿಂದೂ-ಮುಸ್ಲಿಂ ಏಕತೆಯ ರಾಯಭಾರಿ’ ಎಂದು ಕರೆದದ್ದನ್ನು ಆಕ್ಷೇಪಿಸಿ ತಾವು ಬರೆದ ಪತ್ರ ತಲುಪಿದೆ. ನಾಡನ್ನು ಒಡೆದವರಿಗೆ ಆ ಬಿರುದು ಸಲ್ಲದು, ಅವರ ಮೊದಲಿನ ರಾಷ್ಟ್ರೀಯತೆಯೆಲ್ಲ ಮುಖವಾಡ ಎಂಬುದು ತಮ್ಮ ವಾದ. ಮುಖವಾಡವಲ್ಲವಾದರೆ ಅವರು ಬದಲಾದದ್ದು ಯಾವಾಗ, ಯಾರಿಂದ ಎಂಬುದನ್ನು ತಿಳಿಸಿ ಎಂದೂ ಕೇಳಿದ್ದೀರಿ. ಈ ಪ್ರಶ್ನೆಗೆ ಎರಡು ಸಾಲಿನ ಉತ್ತರ ಸಾಲದು.

ಮೊದಲು ಬಿರುದಿನ ಮಾತು. ಅದು ನಮ್ಮ ಲೇಖಕರು ಕೊಟ್ಟದ್ದಲ್ಲ. ಗೋಖಲೆಯವರ ಬಾಯಿಂದ ಬಂದದ್ದೆನ್ನಲಾದ ಆ ಮಾತನ್ನು ಪ್ರಚಾರಕ್ಕೆ ತಂದವರು ಸರೋಜಿನಿ ನಾಯ್ಡು. 1906ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ ಅಧ್ಯಕ್ಷ ದಾದಾಭಾಯಿ ನವರೋಜಿಯವರ ಕಾರ್ಯದರ್ಶಿಯಾಗಿದ್ದ ಜಿನ್ನಾ, ಅದೇ ಡಿಸೆಂಬರಿನಲ್ಲಿ ಢಾಕಾದಲ್ಲಿ ಹುಟ್ಟಿದ ಮುಸ್ಲಿಂ ಲೀಗನ್ನು 1913ರವರೆಗೆ ಸೇರಲಿಲ್ಲ; ಸೇರಿದ ಮೇಲೂ ಕಾಂಗ್ರೆಸ್ಸನ್ನು ಬಿಡಲಿಲ್ಲ. 1916ರಲ್ಲಿ ನಮ್ಮ ಬೆಳಗಾವಿಯಲ್ಲೂ ಅಹ್ಮದ್‌ನಗರದಲ್ಲೂ ಮಾಡಿದ ಭಾಷಣಗಳಿಗಾಗಿ ತಿಲಕರ ಮೇಲೆ ರಾಜದ್ರೋಹದ ಆರೋಪ ಬಂದಾಗ, ಬೊಂಬಾಯಿ ಹೈಕೋರ್ಟಿನಲ್ಲಿ ತಿಲಕರ ಪರ ವಾದಿಸಿ ಗೆದ್ದವರು ಇದೇ ಜಿನ್ನಾ. 1919ರಲ್ಲಿ, ವಿಚಾರಣೆಯಿಲ್ಲದೆ ಜನರನ್ನು ಬಂಧನದಲ್ಲಿಡಲು ಸರ್ಕಾರಕ್ಕೆ ಅಧಿಕಾರ ಕೊಟ್ಟ ರೌಲಟ್ ಕಾಯ್ದೆ ಬಂದಾಗ ಕೇಂದ್ರ ಶಾಸನ ಪರಿಷತ್ತಿನ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಇಷ್ಟು ವರ್ಷ, ಇಷ್ಟು ನಷ್ಟ ಕಟ್ಟಿಕೊಂಡು ಯಾರೂ ಮುಖವಾಡ ಹಾಕುವುದಿಲ್ಲ ಎಂಬುದು ನನ್ನ ನಂಬಿಕೆ.

ಆದರೆ ತಮ್ಮ ಸಂಶಯದಲ್ಲಿ ಒಂದು ನಿಜವಿದೆ. ಅದು 1916ರ ಲಖನೌ ಒಪ್ಪಂದದಲ್ಲೇ ಕಾಣುತ್ತದೆ. ಕಾಂಗ್ರೆಸ್ಸು ಮತ್ತು ಲೀಗು ಕೈಜೋಡಿಸಿದ ಆ ಒಪ್ಪಂದವೇ ಜಿನ್ನಾರಿಗೆ ಏಕತೆಯ ಕೀರ್ತಿ ತಂದದ್ದು. ತಿಲಕರೂ ಅದನ್ನು ಬೆಂಬಲಿಸಿದ್ದರು. 1909ರ ಕಾಯ್ದೆ ತಂದ ಪ್ರತ್ಯೇಕ ಮತಕ್ಷೇತ್ರಗಳನ್ನು, ಅಂದರೆ ಮುಸ್ಲಿಮರಷ್ಟೇ ಮತ ಹಾಕುವ ಮುಸ್ಲಿಂ ಸ್ಥಾನಗಳನ್ನು, ಕಾಂಗ್ರೆಸ್ಸು ಮೊದಲ ಬಾರಿಗೆ ಒಪ್ಪಿಕೊಂಡದ್ದೂ ಅದರಲ್ಲೇ. ಜನಸಂಖ್ಯೆಯಲ್ಲಿ ಮುಸ್ಲಿಮರು ಅರ್ಧಕ್ಕಿಂತ ಹೆಚ್ಚಿದ್ದ ಬಂಗಾಳದಲ್ಲಿ ಅವರಿಗೆ ಶೇ. 40, ಸುಮಾರು ಏಳರಲ್ಲಿ ಒಂದು ಪಾಲಿದ್ದ ಸಂಯುಕ್ತ ಪ್ರಾಂತದಲ್ಲಿ (ಹೆಚ್ಚುಕಡಿಮೆ ಇಂದಿನ ಉತ್ತರ ಪ್ರದೇಶ) ಶೇ. 30 ಎಂದು ಕುರ್ಚಿಗಳನ್ನು ಹಂಚಿಕೊಂಡರು. ಇದರ ಪರಿಣಾಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮುಸ್ಲಿಂ ಸ್ಥಾನಕ್ಕೆ ಮುಸ್ಲಿಮರಷ್ಟೇ ಮತ ಹಾಕುವುದಾದರೆ, ಅಲ್ಲಿ ನಿಂತ ಅಭ್ಯರ್ಥಿ ಪಕ್ಕದ ಬೀದಿಯ ಹಿಂದೂವಿನ ಮನೆಬಾಗಿಲಿಗೆ ಹೋಗಿ ಕೈಮುಗಿಯುವ ಸಂದರ್ಭವೇ ಬರುವುದಿಲ್ಲ; ಉಳಿದ ಸ್ಥಾನಗಳಲ್ಲಿ ನಿಂತ ಹಿಂದೂ ಅಭ್ಯರ್ಥಿಯ ಪಾಡೂ ಅದೇ. ಮೊದಮೊದಲು ಈ ಪದ್ಧತಿಯನ್ನು ವಿರೋಧಿಸಿದ್ದ ಜಿನ್ನಾ, ಬೊಂಬಾಯಿಯ ಮುಸ್ಲಿಂ ಸ್ಥಾನದಿಂದಲೇ ಶಾಸನ ಪರಿಷತ್ತಿಗೆ ಆಯ್ಕೆಯಾಗಿದ್ದರು. ಅವರು ಆಗ ಕಟ್ಟಿದ ಏಕತೆ ಎರಡು ಕಡೆಯ ಮುಖಂಡರು ಕುಳಿತು ಮಾಡಿಕೊಂಡ ಲೆಕ್ಕವಾಗಿತ್ತು, ಜನಸಾಮಾನ್ಯರ ನಡುವಿನ ಒಡನಾಟವಾಗಿರಲಿಲ್ಲ.

ಆ ಲೆಕ್ಕಕ್ಕೆ ಮೊದಲ ಪೆಟ್ಟು ಬಿದ್ದದ್ದು 1920ರ ನಾಗಪುರ ಅಧಿವೇಶನದಲ್ಲಿ. ಅಸಹಕಾರ ಚಳವಳಿಯನ್ನು ವಿರೋಧಿಸಲು ಎದ್ದುನಿಂತ ಜಿನ್ನಾ ‘ಮಿಸ್ಟರ್ ಗಾಂಧಿ’ ಎಂದಾಗ, ‘ಮಹಾತ್ಮಾ ಎನ್ನಿ’ ಎಂದು ಸಭೆ ಕೂಗಿತು. ಅವರು ಒಪ್ಪಲಿಲ್ಲ, ಸಭೆ ಅವರ ಮಾತು ಕೇಳಲಿಲ್ಲ. ಕಾಂಗ್ರೆಸ್ಸಿನೊಂದಿಗಿನ ಅವರ ನಂಟು ಅಲ್ಲಿಗೆ ಕಡಿಯಿತು. ತುರ್ಕಿಯ ಖಲೀಫರ ಪದವಿಯನ್ನು ಉಳಿಸಲು ನಡೆದ ಖಿಲಾಫತ್ ಚಳವಳಿಯ ಮೂಲಕ ಧರ್ಮವನ್ನು ರಾಜಕೀಯದೊಳಕ್ಕೆ ತರುವುದು ಅಪಾಯವೆಂದು ಆಗ ದೂರ ನಿಂತವರು ಅವರೇ ಎಂಬುದನ್ನು ಮುಂದಿನ ಇಪ್ಪತ್ತು ವರ್ಷಗಳನ್ನು ಬಲ್ಲ ಯಾರೇ ಆದರೂ ವ್ಯಥೆಯಿಲ್ಲದೆ ಓದಲಾರರು.

ಆದರೂ ಅವರು ಪ್ರತ್ಯೇಕತೆಯ ಕಡೆ ತಿರುಗಲಿಲ್ಲ. 1927ರ ಮಾರ್ಚಿನಲ್ಲಿ ದೆಹಲಿಯಲ್ಲಿ ಮುಸ್ಲಿಂ ಮುಖಂಡರನ್ನು ಸೇರಿಸಿ, ಸಿಂಧ್ ಬೊಂಬಾಯಿಯಿಂದ ಬೇರೆಯಾಗಲಿ, ಕೇಂದ್ರದಲ್ಲಿ ಮೂರರಲ್ಲೊಂದು ಪಾಲು ಸಿಗಲಿ ಎಂಬಂಥ ಕೆಲವು ಷರತ್ತುಗಳ ಮೇಲೆ ಪ್ರತ್ಯೇಕ ಮತಕ್ಷೇತ್ರವನ್ನೇ ಬಿಟ್ಟುಕೊಡಲು ಒಪ್ಪಿಸಿದರು. ನನ್ನ ದೃಷ್ಟಿಯಲ್ಲಿ ನಾವು ಕೈಬಿಟ್ಟ ಅತಿ ದೊಡ್ಡ ಅವಕಾಶ ಇದು. ಭಾರತದ ಸಂವಿಧಾನಕ್ಕೆ ಕರಡು ಹಾಕಿದ ಮೋತಿಲಾಲ್ ನೆಹರೂ ವರದಿ ಮೂರನೇ ಒಂದು ಪಾಲನ್ನು ಕೊಡಲಿಲ್ಲ. 1928ರ ಡಿಸೆಂಬರಿನಲ್ಲಿ ಕಲ್ಕತ್ತಾದ ಸರ್ವಪಕ್ಷ ಸಮ್ಮೇಳನದಲ್ಲಿ ಜಿನ್ನಾ ತಿದ್ದುಪಡಿ ಕೇಳಿದರು. ಉದಾರವಾದಿ ಮುಖಂಡ ತೇಜ್ ಬಹಾದೂರ್ ಸಪ್ರು ಕೊಟ್ಟುಬಿಡೋಣವೆಂದರು, ಹಿಂದೂ ಮಹಾಸಭೆಯ ಪರ ಮಾತಾಡಿದ ಜಯಕರ್ ವಿರೋಧಿಸಿದರು, ತಿದ್ದುಪಡಿ ಬಿದ್ದುಹೋಯಿತು. ರೈಲು ನಿಲ್ದಾಣಕ್ಕೆ ಬೀಳ್ಕೊಡಲು ಬಂದಿದ್ದ ಕರಾಚಿಯ ಪಾರ್ಸಿ ಗೆಳೆಯ ಜಮ್‌ಶೆದ್ ನುಸ್ಸರ್‌ವಾಂಜಿಯವರ ಕೈಹಿಡಿದು, ಇನ್ನು ನಮ್ಮ ದಾರಿಗಳು ಬೇರೆ ಎಂದಾಗ ಜಿನ್ನಾರ ಕಣ್ಣು ತುಂಬಿತ್ತೆಂದು ನುಸ್ಸರ್‌ವಾಂಜಿ ಮುಂದೆ ನೆನೆದಿದ್ದಾರೆ.

ಇಲ್ಲಿಯವರೆಗಿನ ತಪ್ಪಿನಲ್ಲಿ ಎಲ್ಲರಿಗೂ ಪಾಲಿದೆ. 1937ರ ನಂತರದ್ದಕ್ಕೆ ಮಾತ್ರ ಜಿನ್ನಾರೇ ಹೊಣೆ ಎಂದು ನಾನು ಹೇಳಬಯಸುತ್ತೇನೆ. ಆ ವರ್ಷದ ಪ್ರಾಂತೀಯ ಚುನಾವಣೆಯಲ್ಲಿ ಲೀಗಿಗೆ ಮುಸ್ಲಿಂ ಸ್ಥಾನಗಳಲ್ಲಿ ಕಾಲು ಭಾಗವೂ ಸಿಗಲಿಲ್ಲ. ಸಂಯುಕ್ತ ಪ್ರಾಂತದಲ್ಲಿ ಲೀಗಿನ ಷರತ್ತುಗಳ ಮೇಲೆ ಅದನ್ನು ಮಂತ್ರಿಮಂಡಲಕ್ಕೆ ಸೇರಿಸಿಕೊಳ್ಳಲು ಕಾಂಗ್ರೆಸ್ಸು ಒಪ್ಪಲಿಲ್ಲ. ಅವಮಾನ ಸಣ್ಣದಲ್ಲ, ನಿಜ. ಅದಕ್ಕೆ ಅವರು ಕಂಡುಕೊಂಡ ಉತ್ತರವೆಂದರೆ ಧರ್ಮದ ಹೆಸರಿನಲ್ಲಿ ಭಯವನ್ನು ಬಿತ್ತುವುದು, ಇಡೀ ಸಮುದಾಯಕ್ಕೆ ತಾನೊಬ್ಬನೇ ದನಿ ಎಂದು ಹಟ ಹಿಡಿಯುವುದು. 1940ರ ಮಾರ್ಚಿನಲ್ಲಿ ಲೀಗಿನ ಲಾಹೋರ್ ಅಧಿವೇಶನದ ಅಧ್ಯಕ್ಷ ಭಾಷಣದಲ್ಲಿ, ಹಿಂದೂಗಳೂ ಮುಸ್ಲಿಮರೂ ಎರಡು ಬೇರೆ ನಾಗರಿಕತೆಗಳಿಗೆ ಸೇರಿದವರು, ಎರಡು ರಾಷ್ಟ್ರಗಳು ಎಂದು ಸಾರಿದಾಗ, ತಮ್ಮದೇ ಮೂವತ್ತು ವರ್ಷಗಳ ಬದುಕನ್ನು ಅವರು ಅಳಿಸಿಹಾಕಿದರು. ಮರುತಿಂಗಳೇ ಸಿಂಧಿನ ಮುಖಂಡ ಅಲ್ಲಾ ಬಕ್ಷ್ ಸೂಮ್ರೋ ಅವರ ಅಧ್ಯಕ್ಷತೆಯಲ್ಲಿ ದೆಹಲಿಯಲ್ಲಿ ಸೇರಿದ ಆಜಾದ್ ಮುಸ್ಲಿಂ ಸಮ್ಮೇಳನ ಇದನ್ನು ಖಂಡಿಸಿತು. ಮುಸ್ಲಿಮರೆಲ್ಲ ಜಿನ್ನಾರ ಹಿಂದೆ ಹೋದರು ಎಂಬರ್ಥದ ತಮ್ಮ ಪತ್ರದ ಒಂದು ಸಾಲನ್ನು ಇದಕ್ಕಾಗಿಯೇ ನಾನು ಒಪ್ಪಲಾರೆ. 1945-46ರಲ್ಲಿ ಲೀಗು ಕೇಂದ್ರದ 30 ಮುಸ್ಲಿಂ ಸ್ಥಾನಗಳನ್ನೂ ಗೆದ್ದದ್ದು ದಿಟ. ಆದರೆ ಆಗ ಮತದ ಹಕ್ಕಿದ್ದುದು ಆಸ್ತಿ, ತೆರಿಗೆ, ವಿದ್ಯೆಯ ಅರ್ಹತೆಯುಳ್ಳ ಕೆಲವರಿಗೆ ಮಾತ್ರ.

ಪಾಕಿಸ್ತಾನಕ್ಕಾಗಿ ಲೀಗು ಕರೆಕೊಟ್ಟ 1946ರ ಆಗಸ್ಟ್ 16ರ ನೇರ ಕಾರ್ಯಾಚರಣೆಯ ದಿನದಿಂದ ಕಲ್ಕತ್ತಾದ ಬೀದಿಗಳಲ್ಲಿ ಕೆಲವೇ ದಿನಗಳಲ್ಲಿ ಸಾವಿರಾರು ಜನ ಸತ್ತರು. ಮುಂದಿನ ವರ್ಷದ ಆಗಸ್ಟ್ 11ರಂದು, ಕರಾಚಿಯಲ್ಲಿ ಸೇರಿದ ಪಾಕಿಸ್ತಾನದ ಸಂವಿಧಾನ ಸಭೆಯಲ್ಲಿ, ನೀವು ನಿಮ್ಮ ದೇವಸ್ಥಾನಗಳಿಗೆ, ಮಸೀದಿಗಳಿಗೆ ಹೋಗಲು ಸ್ವತಂತ್ರರು, ಯಾರ ಧರ್ಮ ಯಾವುದೆಂಬುದು ರಾಜ್ಯಕ್ಕೆ ಸಂಬಂಧಿಸಿದ್ದಲ್ಲ ಎಂದು ಜಿನ್ನಾ ಹೇಳಿದರು. ಹಳೆಯ ಜಿನ್ನಾ ಆ ಭಾಷಣದಲ್ಲಿ ಮತ್ತೆ ಕೇಳಿಸುತ್ತಾರೆ. ಅಷ್ಟು ಹೊತ್ತಿಗೆ ಪಂಜಾಬಿನ ಹಳ್ಳಿಗಳು ಉರಿಯುತ್ತಿದ್ದವು.

ಹೀಗಾಗಿ ಆ ಬಿರುದನ್ನು ನಾವು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಅದು ಯಾವ ಕಾಲದ ಮಾತೆಂದು ಹೇಳದೆ, ವಿಭಜನೆಯ ಸಾಲುಗಳ ಪಕ್ಕದಲ್ಲೇ ಅಚ್ಚುಹಾಕಿದ್ದು ನಮ್ಮ ತಪ್ಪು. ‘1916ರಲ್ಲಿ’ ಎಂಬ ಪದ ಸೇರಿಸಿದ ತಿದ್ದುಪಡಿ ಮುಂದಿನ ಸಂಚಿಕೆಯಲ್ಲಿ ಬರುತ್ತದೆ.

— ಸಂಪಾದಕ