ಕಾಸರಗೋಡಿನ ಕನ್ನಡಿಗರು ಕಣ್ಣೂರು ಯುನಿವರ್ಸಿಟಿ ಟೀಮಿಗೆ ಯಾಕೆ ಸಪೋರ್ಟ್ ಮಾಡ್ತೀರಿ, ಮಂಗಳೂರು ಹತ್ತಿರ ಅಲ್ವಾ?

ಹತ್ತಿರ ಹೌದು, ಆದ್ರೆ ಟೀಮಲ್ಲಿ ಆಡೋದು ನಮ್ಮ ಮಕ್ಕಳು. 1996ರಲ್ಲಿ ಕಣ್ಣೂರು ಯುನಿವರ್ಸಿಟಿ ಶುರುವಾಯ್ತು, ಅದಕ್ಕಿಂತ ಮೊದಲು ನಾವು ಕ್ಯಾಲಿಕಟ್ ಯುನಿವರ್ಸಿಟಿಯ ಕೆಳಗೆ ಇದ್ದದ್ದು. ಈಗ ಕಾಸರಗೋಡು ಗವರ್ಮೆಂಟ್ ಕಾಲೇಜು, ಮಂಜೇಶ್ವರದ ಗೋವಿಂದ ಪೈ ಕಾಲೇಜು ಎಲ್ಲ ಇದರದ್ದೇ, ಅಲ್ಲಿ ಕನ್ನಡ ಕಲಿಯುವ ಹುಡುಗನೇ ಸಂಜೆ ಕಬಡ್ಡಿ ಆಡಿ ಇಂಟರ್‌ಕಾಲೇಜಲ್ಲಿ ಮಿಂಚಿ ಯುನಿವರ್ಸಿಟಿ ಜರ್ಸಿ ಹಾಕಿದ್ರೆ ಅವನಿಗೆ ಚಪ್ಪಾಳೆ ತಟ್ಟದೆ ಇರ್ಲಿಕ್ಕೆ ಆಗ್ತದಾ ಹೇಳಿ?

ದಕ್ಷಿಣ ವಲಯದ ಇಂಟರ್ ಯುನಿವರ್ಸಿಟಿ ಮ್ಯಾಚಲ್ಲಿ ಕಣ್ಣೂರು, ಮಂಗಳೂರು ಎರಡೂ ಇರ್ತವೆ, ಎದುರೆದುರು ಬಂದ್ರೆ ನಾನು ಕಣ್ಣೂರಿನ ಕಡೆ, ಅದರಲ್ಲಿ ಡೌಟೇ ಇಲ್ಲ. ಕನ್ನಡದ ಮೇಲಿನ ಪ್ರೀತಿಗೂ ಇದಕ್ಕೂ ಜಗಳ ಇಲ್ಲ ಮಾರಾಯ್ರೆ.

ಇನ್ನೊಂದು ಮಾತು, ಫೈನಲ್ ದಿನ ಮಾತ್ರ ಕಿರುಚಿದ್ರೆ ಸಾಕಾಗುದಿಲ್ಲ. ಕ್ಯಾಂಪಿಗೆ ಹೋದವರಿಗೆ ಅಟೆಂಡೆನ್ಸ್ ಸಿಕ್ತಾ, ಮ್ಯಾಚ್ ದಿನವೇ ಪರೀಕ್ಷೆ ಬಂದ್ರೆ ಏನು ವ್ಯವಸ್ಥೆ, ಪ್ರಯಾಣದ ದುಡ್ಡು ಕೈಗೆ ಬಂತಾ, ಹುಡುಗಿಯರ ಟೀಮಿಗೂ ಒಳ್ಳೆ ಕೋಚ್ ಉಂಟಾ, ಇದನ್ನೆಲ್ಲ ಕೇಳ್ಬೇಕು, ಯುನಿವರ್ಸಿಟಿಯ ಆಡಳಿತ ನೋಡುವ ಸೆನೆಟ್, ಸಿಂಡಿಕೇಟಲ್ಲಿ ಇರುವವರಿಗೆ ಪತ್ರ ಬರೀಬೇಕು. ಕನ್ನಡ ವಿದ್ಯಾರ್ಥಿಗಳಿಗೆ ಸುತ್ತೋಲೆ ಕನ್ನಡದಲ್ಲೂ ಸಿಗ್ಬೇಕು ಅಂತ ಕೇಳುದೂ ಇದರಲ್ಲೇ ಸೇರಿತು, ಯಾಕಂದ್ರೆ ಸೆಲೆಕ್ಷನ್ ಟ್ರಯಲ್ ಯಾವಾಗ ಅಂತಲೇ ಗೊತ್ತಾಗದಿದ್ರೆ ನಮ್ಮ ಹುಡುಗರು ಟೀಮಿಗೆ ಬರುದು ಹೇಗೆ?

ಟೀಮು ಸೋತ ವರ್ಷ ನಾನು ಇನ್ನೂ ಜಾಸ್ತಿ ವಿಚಾರಿಸ್ತೇನೆ, ಆ ಮಕ್ಕಳಿಗೆ ಆಗಲೇ ಜನ ಬೇಕಾಗುದು.