ಎಂ.ಆರ್.ಐ. ನಾರ್ಮಲ್ ಅಂತೆ, ಆದ್ರೂ ಕೈ ನಡುಗುತ್ತೆ

ಪ್ರಶ್ನೆ: ಡಾಕ್ಟರೇ, ನಮ್ಮದು ಮದ್ದೂರು ತಾಲ್ಲೂಕು. ಅಪ್ಪನಿಗೆ 66 ವರ್ಷ, ಊರಿನ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿ ಆಗಿದ್ದರು. ಒಂದೂವರೆ ವರ್ಷದಿಂದ ಬಲಗೈ ನಡುಗುತ್ತದೆ, ಸುಮ್ನೆ ಕೂತಾಗಲೇ ಜಾಸ್ತಿ. ನಡಿಗೆಯೂ ನಿಧಾನವಾಗಿದೆ. ನಾಲ್ಕೈದು ವರ್ಷದಿಂದ ನಿದ್ದೆಯಲ್ಲಿ ಕೂಗುತ್ತಾರೆ, ಕಾಲು ಝಾಡಿಸುತ್ತಾರೆ. ಪಕ್ಕದ ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ವಾಸನೆಯೂ ಗೊತ್ತಾಗಲ್ಲ ಅಂತಾರೆ. ತಲೆಯ ಎಂ.ಆರ್.ಐ. ಮಾಡಿಸಿದೆವು, ನಾರ್ಮಲ್ ಅಂತ ಬಂತು. ಆದರೂ ಡಾಕ್ಟರು ಪಾರ್ಕಿನ್ಸನ್ ಇರಬಹುದು, ಬೆಂಗಳೂರಿಗೆ ಹೋಗಿ ಟ್ರೊಡ್ಯಾಟ್ ಸ್ಕ್ಯಾನ್ ಮಾಡಿಸಿ ಅಂತಾರೆ. ಅಪ್ಪ ಮಾತ್ರ, ‘ತಲೇಲಿ ಏನೂ ಇಲ್ವಂತೆ, ಇನ್ಯಾಕೆ ದುಡ್ಡು ಸುರೀತೀಯ, ಬುಡು’ ಎಂದು ಕೂತಿದ್ದಾರೆ. ಅವರು ಬರೆದ ಡೇರಿ ಪುಸ್ತಕದ ಎರಡು ಪುಟ, ನುಂಗುವ ಮಾತ್ರೆಗಳ ಪಟ್ಟಿ ಜೊತೆಗಿಟ್ಟಿದ್ದೇನೆ.
— ಹೆಸರು ಬೇಡ ಎಂದ ಓದುಗ, ಮಂಡ್ಯ ಜಿಲ್ಲೆ

ಉತ್ತರ: ಆ ಎರಡು ಪುಟ ಕಳಿಸಿ ಒಳ್ಳೆಯ ಕೆಲಸ ಮಾಡಿದಿರಿ. ಹಳೆಯ ಪುಟದಲ್ಲಿ ಲೀಟರು, ಫ್ಯಾಟು, ರೂಪಾಯಿ ಎಲ್ಲ ಒಂದೇ ಅಳತೆಯ ದುಂಡಗಿನ ಬರಹ. ಕೆಲಸ ಬಿಡುವ ಮುಂಚಿನ ಪುಟದಲ್ಲಿ ಸಾಲಿನ ಮೊದಲಿಗೆ ರೈತರ ಹೆಸರು ಸರಿಯಾಗೇ ಇದೆ. ರೂಪಾಯಿ ಕಾಲಮ್ಮಿಗೆ ಬರುವಷ್ಟರಲ್ಲಿ ಅಂಕಿಗಳು ಎಳ್ಳಿನಷ್ಟಾಗಿವೆ. ಮುಂದಿನ ಸಾಲಿಗೆ ಬಂದರೆ ಮತ್ತೆ ದೊಡ್ಡದು, ಮತ್ತೆ ಕುಗ್ಗುತ್ತದೆ. ವಯಸ್ಸಾದವರ ಅಕ್ಷರ ವಂಕಿವಂಕಿ ಆಗಬಹುದು, ಹೀಗೆ ಸಾಲು ಸಾಲಿಗೂ ಕುಗ್ಗುವುದಿಲ್ಲ. ಪಾರ್ಕಿನ್ಸನ್‌ನಲ್ಲಿ ಹೀಗಾಗುತ್ತದೆ. ನನಗೆ ಎಂ.ಆರ್.ಐ. ರಿಪೋರ್ಟಿಗಿಂತ ಈ ಪುಟವೇ ಜಾಸ್ತಿ ಹೇಳಿತು.

ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆ ಬಗ್ಗೆ ಬರೆದಾಗ ಎಕ್ಸ್‌ರೇ ಕೂಡ ಇರಲಿಲ್ಲ. ಆತ ವಿವರಿಸಿದ್ದು ಆರೇ ಜನರನ್ನು. ಅವರಲ್ಲೂ ಕೆಲವರನ್ನು ಬೀದಿಯಲ್ಲಿ ಕಂಡದ್ದಷ್ಟೇ. ಇವತ್ತಿಗೂ ಇದು ಕಣ್ಣಲ್ಲಿ ನೋಡಿ, ಕೈ ಮಡಚಿ ಬಿಡಿಸಿ, ನಡೆಸಿ ನೋಡಿ ಹೇಳುವ ಕಾಯಿಲೆಯೇ. ಹಾಗಾಗಿ ನಿಮ್ಮ ಡಾಕ್ಟರು ರಿಪೋರ್ಟು ನೋಡಿಯೂ ತಮ್ಮ ಮಾತು ಬಿಡದೇ ಇದ್ದದ್ದು ಸರಿಯಾಗಿಯೇ ಇದೆ.

ಹಾಗಾದರೆ ಎಂ.ಆರ್.ಐ. ದುಡ್ಡು ನೀರಿಗೆ ಹೋಯಿತಾ? ಇಲ್ಲ. ತಲೆಯೊಳಗೆ ಗಡ್ಡೆ, ಹಳೆಯ ರಕ್ತ, ಸಣ್ಣ ಸಣ್ಣ ಸ್ಟ್ರೋಕು, ನೀರು ತುಂಬಿಕೊಳ್ಳುವುದು, ಇವುಗಳಿಂದಲೂ ನಡಿಗೆ ನಿಧಾನ ಆಗುತ್ತದೆ. ಅವು ಯಾವುದೂ ಇಲ್ಲ ಎಂದು ತಿಳಿಯಿತಲ್ಲ. ಪಾರ್ಕಿನ್ಸನ್ ಥರವೇ ಕಾಣುವ ಬೇರೆ ಎರಡು ಮೂರು ಕಾಯಿಲೆಗಳಲ್ಲಿ ಮಿದುಳಿನ ಒಂದೊಂದು ಭಾಗ ಸವೆದು, ಚಿತ್ರದಲ್ಲಿ ಒಂದು ಕಡೆ ಹಮ್ಮಿಂಗ್‌ಬರ್ಡ್ ಹಕ್ಕಿಯ ಹಾಗೆ, ಇನ್ನೊಂದು ಕಡೆ ಶಿಲುಬೆ ಗೀರಿದ ಬನ್ನಿನ ಹಾಗೆ ಕಾಣುತ್ತದೆ. ರೇಡಿಯಾಲಜಿಯವರಿಗೆ ಹಕ್ಕಿ ಮತ್ತು ತಿಂಡಿ ಬಿಟ್ಟರೆ ಹೋಲಿಕೆ ಹೊಳೆಯುವುದಿಲ್ಲ. ರಂಗನತಿಟ್ಟಿನಲ್ಲಿ ಇರಬೇಕಾದವರು! ಆಯಸ್ಕಾಂತದ ಶಕ್ತಿ ಜಾಸ್ತಿ ಇರುವ 3 ಟೆಸ್ಲಾ ಮೆಷಿನ್ನಿನಲ್ಲಿ ವಿಶೇಷ ರೀತಿಯಲ್ಲಿ ತೆಗೆದರೆ ಪಾರ್ಕಿನ್ಸನ್ನಿನ ಸುಳಿವೂ ಕೆಲವೊಮ್ಮೆ ಸಿಗುತ್ತದೆ. ಮಾಮೂಲಿ ಎಂ.ಆರ್.ಐ.ಯಲ್ಲಿ ನಾರ್ಮಲ್ ಬರುವುದೇ ಹೆಚ್ಚು.

ಯಾಕೆ ಎಂದು ಅಪ್ಪನಿಗೆ ಹೀಗೆ ಹೇಳಿ. ಮದ್ದೂರಿನವರಿಗೆ ವಿಶ್ವೇಶ್ವರಯ್ಯ ನಾಲೆ ಗೊತ್ತಲ್ವಾ? ನಾಲೆಯ ಫೋಟೋ ತೆಗೆದರೆ ಏರಿ, ಕಲ್ಲು, ಸೇತುವೆ ಕಾಣುತ್ತವೆ. ಕೊನೆಭಾಗದ ಗದ್ದೆಗೆ ನೀರು ಬರುತ್ತಿದೆಯಾ ಎಂಬುದು ಆ ಫೋಟೋದಲ್ಲಿ ತಿಳಿಯುವುದಿಲ್ಲ. ಎಂ.ಆರ್.ಐ. ಆ ಥರದ ಫೋಟೋ. ಮಿದುಳಿನ ಬುಡದಲ್ಲಿ ಕಪ್ಪಗಿರುವ ಒಂದು ಪುಟ್ಟ ಜಾಗವಿದೆ, ಸಬ್‌ಸ್ಟಾನ್ಷಿಯಾ ನೈಗ್ರಾ ಎನ್ನುತ್ತಾರೆ. ಅಲ್ಲಿನ ಜೀವಕೋಶಗಳು ಡೋಪಮೈನ್ ಎಂಬ ರಾಸಾಯನಿಕವನ್ನು ಮೇಲಿನ ಭಾಗಕ್ಕೆ ಹರಿಸುತ್ತವೆ. ಪಾರ್ಕಿನ್ಸನ್‌ನಲ್ಲಿ ಸಾಯುವುದು ಈ ಕೋಶಗಳೇ. ಕೈ ನಡುಗುವ ಹೊತ್ತಿಗೆ ಅರ್ಧದಷ್ಟು ಹೋಗಿರುತ್ತವೆ ಎನ್ನುವ ಲೆಕ್ಕವಿದೆ.

ಟ್ರೊಡ್ಯಾಟ್ ನೋಡುವುದು ಆ ನೀರಿನ ಕಡೆಯ ವಿಷಯವನ್ನು. ನರದ ತುದಿಯಲ್ಲಿ, ಹೊರಬಿಟ್ಟ ಡೋಪಮೈನನ್ನು ವಾಪಸ್ ಎಳೆದುಕೊಳ್ಳುವ ಬಾಗಿಲುಗಳಿವೆ. ವಿಕಿರಣ ಸೂಸುವ ಟೆಕ್ನೀಷಿಯಂ ಸೇರಿಸಿದ ಔಷಧಿಯನ್ನು ರಕ್ತನಾಳಕ್ಕೆ ಕೊಡುತ್ತಾರೆ, ಅದು ಹೋಗಿ ಆ ಬಾಗಿಲುಗಳಿಗೆ ಅಂಟುತ್ತದೆ. ಮೂರು ನಾಲ್ಕು ಗಂಟೆ ಕಾದು ಕ್ಯಾಮೆರಾದ ಕೆಳಗೆ ಮಲಗಿಸುತ್ತಾರೆ. ಸರಿಯಿದ್ದರೆ ಎಡಕ್ಕೊಂದು ಬಲಕ್ಕೊಂದು ಗೋಡಂಬಿ ಇಟ್ಟ ಹಾಗೆ ಹೊಳೆಯುತ್ತದೆ. ಕಾಯಿಲೆ ಇದ್ದರೆ ಗೋಡಂಬಿಯ ಬಾಲ ಮಾಯವಾಗಿ ಮುಂದಿನ ಬಟಾಣಿಯಷ್ಟೇ ಉಳಿಯುತ್ತದೆ. ಇಲ್ಲೂ ಮೊದಲು ಒಣಗುವುದು ಕೊನೆಭಾಗವೇ! ಬಲಗೈ ನಡುಗಿದರೆ ಎಡಗಡೆಯ ಬಾಲ ಜಾಸ್ತಿ ಹೋಗಿರುತ್ತದೆ.

ಈಗ ನಿಮ್ಮ ಪಟ್ಟಿಗೆ ಬರುತ್ತೇನೆ, ಯಾಕೆಂದರೆ ನಾನು ಪತ್ರ ಓದುವಾಗ ನಿಂತದ್ದು ಅಲ್ಲೇ. ಬಿ.ಪಿ. ಮಾತ್ರೆ, ಸಕ್ಕರೆ ಮಾತ್ರೆ, ಮೂರನೆಯದು ‘ಗ್ಯಾಸ್ ಮಾತ್ರೆ, ಬೆಳಗ್ಗೆ ಖಾಲಿ ಹೊಟ್ಟೆಗೆ, ಎರಡು ವರ್ಷದಿಂದ’. ಹೆಸರಿನ ಕೆಳಗೆ ಪ್ಯಾಂಟೊಪ್ರಜೋಲ್ ಜೊತೆ ಲೆವೊಸಲ್ಪಿರೈಡ್ ಎಂದು ನೀವೇ ನೀಟಾಗಿ ಬರೆದಿದ್ದೀರಿ. ಈ ಲೆವೊಸಲ್ಪಿರೈಡ್ ಹೊಟ್ಟೆಯನ್ನು ಚುರುಕು ಮಾಡುತ್ತದೆ, ಸರಿ. ಆದರೆ ಮಿದುಳಿನೊಳಗೆ ಡೋಪಮೈನ್ ಹಿಡಿಯುವ ಜಾಗವನ್ನೂ ಮುಚ್ಚುತ್ತದೆ. ನಾಲೆಯಲ್ಲಿ ನೀರಿದೆ, ಗದ್ದೆಯ ತೂಬಿಗೆ ಯಾರೋ ಮಣ್ಣು ತುಂಬಿದ್ದಾರೆ. ಬರೀ ಇದರಿಂದಲೇ ಥೇಟ್ ಪಾರ್ಕಿನ್ಸನ್ ಥರ ನಡುಕ, ನಿಧಾನ ಬರಬಹುದು. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಮೈಗ್ರೇನಿನ ಫ್ಲೂನರಿಜಿನ್, ವಾಂತಿಯ ಮೆಟೊಕ್ಲೋಪ್ರಮೈಡ್ ಕೂಡ ಇದೇ ಜಾತಿ.

ಇದರಲ್ಲಿ ನಾನೂ ಏಮಾರಿದ್ದೇನೆ. ಸುಮಾರು 20 ವರ್ಷದ ಹಿಂದೆ ಮೈಸೂರಿನ ಒಬ್ಬ ನಿವೃತ್ತ ಮೇಷ್ಟ್ರಿಗೆ ಒಂದು ವರ್ಷ ಪಾರ್ಕಿನ್ಸನ್ ಔಷಧಿ ಕೊಟ್ಟೆ. ಪ್ರಯೋಜನ ಆಗಲಿಲ್ಲ, ಡೋಸ್ ಏರಿಸಿದೆ. ಒಂದು ದಿನ ಅವರ ಹೆಂಡತಿ ಔಷಧಿಯ ಬಟ್ಟೆ ಚೀಲವನ್ನೇ ತಂದು ನನ್ನ ಮೇಜಿನ ಮೇಲೆ ಸುರಿದರು. ಅದರಲ್ಲಿ ಸಿನ್ನರಿಜಿನ್ ಮಾತ್ರೆಯ ಸ್ಟ್ರಿಪ್ಪು! ತಲೆಸುತ್ತಿಗೆಂದು ಯಾವಾಗಲೋ ಬರೆಸಿಕೊಂಡದ್ದನ್ನು ಮೇಷ್ಟ್ರು ಅಂಗಡಿಯಲ್ಲಿ ಕೇಳಿ ಕೇಳಿ ತರುತ್ತಿದ್ದರು. ಅದನ್ನು ನಿಲ್ಲಿಸಿದ ಐದನೇ ತಿಂಗಳಿಗೆ ಕೈ ಬೀಸಿಕೊಂಡು ನಡೆದು ಬಂದರು. ಒಂದು ವರ್ಷದಲ್ಲಿ ನಾನು ಚೀಲ ತನ್ನಿ ಎಂದು ಒಮ್ಮೆಯೂ ಕೇಳಿರಲಿಲ್ಲ.

ಟ್ರೊಡ್ಯಾಟ್ ನಿಜವಾಗಿ ಉಪಯೋಗಕ್ಕೆ ಬರುವುದು ಇಂಥ ಗೊಂದಲದಲ್ಲಿ. ಬರೀ ಮಾತ್ರೆಯ ಕಾಟವಾದರೆ ಗೋಡಂಬಿ ಎರಡೂ ಪೂರ್ತಿ ಕಾಣುತ್ತವೆ. ನಿಜವಾದ ಪಾರ್ಕಿನ್ಸನ್ ಆದರೆ ಬಾಲ ಇರುವುದಿಲ್ಲ. ವಂಶದಲ್ಲಿ ಬರುವ ಮಾಮೂಲಿ ಕೈನಡುಕದಲ್ಲೂ ಸ್ಕ್ಯಾನ್ ಸರಿಯಾಗೇ ಇರುತ್ತದೆ. ಆದರೆ ಹಕ್ಕಿ, ಬನ್ನು ಅಂದೆನಲ್ಲ, ಆ ಕಾಯಿಲೆಗಳಲ್ಲೂ ಬಾಲ ಹೋಗುತ್ತದೆ. ಅವನ್ನು ಪಾರ್ಕಿನ್ಸನ್‌ನಿಂದ ಬೇರೆ ಮಾಡಲು ಈ ಸ್ಕ್ಯಾನಿಗೆ ಆಗುವುದಿಲ್ಲ.

ನನ್ನ ಅನಿಸಿಕೆ ಕೇಳಿದರೆ, ಒಂದೇ ಕಡೆಯ ನಡುಕ, ವಾಸನೆ ಹೋಗಿರುವುದು, ಮಾತ್ರೆಗಿಂತ ಎಷ್ಟೋ ಮುಂಚೆ ಶುರುವಾದ ನಿದ್ದೆಯ ಕೂಗಾಟ, ಇವೆಲ್ಲ ನಿಜವಾದ ಪಾರ್ಕಿನ್ಸನ್ ಕಡೆಗೇ ಕೈ ತೋರಿಸುತ್ತವೆ. ಗ್ಯಾಸ್ ಮಾತ್ರೆ ಉರಿಯುವುದಕ್ಕೆ ತುಪ್ಪ ಸುರಿದಿರಬಹುದು. ಈ ವಾರವೇ ಡಾಕ್ಟರ ಹತ್ತಿರ ಹೋಗಿ, ಪಟ್ಟಿ ತೋರಿಸಿ, ಗ್ಯಾಸ್ ಮಾತ್ರೆ ಬದಲಾಯಿಸಿಕೊಡಿ ಎಂದು ಕೇಳಿ. ಮಿಕ್ಕ ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಬಿಟ್ಟ ಮೇಲೆ ಕೆಲವರಿಗೆ ವಾರಗಳಲ್ಲಿ ಗುಣ ಕಾಣುತ್ತದೆ, ಕೆಲವರಿಗೆ ಆರು ತಿಂಗಳಾದರೂ ಬೇಕು. ಅಷ್ಟು ದಿನ ಕಾಯಲು ಡಾಕ್ಟರು ಒಪ್ಪಿದರೆ ಬೆಂಗಳೂರಿನ ಖರ್ಚು ಉಳಿದೀತು. ಅಪ್ಪ ದಿನದಿನಕ್ಕೆ ಬಿಗಿಯಾಗುತ್ತಿದ್ದರೆ, ಬೀಳುತ್ತಿದ್ದರೆ ಕಾಯಬೇಡಿ. ಸ್ಕ್ಯಾನ್ ಮಾಡಿಸಿ.

ಪ್ರಶ್ನೆ: ನಮ್ಮ ಅತ್ತೆಗೆ ಪಾರ್ಕಿನ್ಸನ್. ಎಂ.ಆರ್.ಐ. ಮಾಡುವಾಗ ತಲೆ ಅಲ್ಲಾಡಿ ಚಿತ್ರವೆಲ್ಲ ಮಸುಕಾಗಿ, ಮತ್ತೆ ಬನ್ನಿ ಅಂದಿದ್ದಾರೆ. ಒಳಗಿನ ಸದ್ದಿಗೂ ಅವರಿಗೆ ಭಯ.
— ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ‘ಖಾಲಿ ಹೊಟ್ಟೆಯಲ್ಲಿ ಬನ್ನಿ’ ಅಂದದ್ದಕ್ಕೆ ಬೆಳಗಿನ ಪಾರ್ಕಿನ್ಸನ್ ಮಾತ್ರೆಯನ್ನೂ ಬಿಟ್ಟಿದ್ದಿರಾ? ಎಷ್ಟೋ ಮನೆಗಳಲ್ಲಿ ಆಗುವುದು ಅದೇ. ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡಬಹುದಾ ಎಂದು ಮೊದಲೇ ಕೇಳಿಕೊಂಡು, ಅದು ಚೆನ್ನಾಗಿ ಕೆಲಸ ಮಾಡುವ ಹೊತ್ತಿಗೆ ಸ್ಕ್ಯಾನಿನ ಸಮಯ ತೆಗೆದುಕೊಳ್ಳಿ. ತಲೆಯ ಎರಡೂ ಪಕ್ಕಕ್ಕೆ ಸ್ಪಂಜು ಇಡಲು ಹೇಳಿ, ಕಿವಿಗೆ ಪ್ಲಗ್ ಕೊಡುತ್ತಾರೆ. ಈ ನಡುಕ ನಿದ್ದೆಯಲ್ಲಿ ನಿಂತುಹೋಗುತ್ತದೆ. ಅದಕ್ಕೇ ತೀರಾ ಆಗದವರಿಗೆ ನಿದ್ದೆ ಬರುವ ಔಷಧಿ ಕೊಟ್ಟು ಮಾಡುವುದೂ ಉಂಟು, ಆದರೆ ವಯಸ್ಸಾದವರಿಗೆ ಅದನ್ನು ಡಾಕ್ಟರೇ ತೀರ್ಮಾನಿಸಬೇಕು. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ. ಬಳೆ, ಸರ, ಕಾಲುಂಗುರ ಮನೆಯಲ್ಲೇ ಬಿಚ್ಚಿಸಿ, ಅಲ್ಲಿ ಸೋಪು ಹಚ್ಚಿ ಎಳೆಯುತ್ತಾ ಕೂತರೆ ಅತ್ತೆಗೆ ಗಾಬರಿಯಾಗಿ ನಡುಕ ಇನ್ನೂ ಜಾಸ್ತಿಯಾಗುತ್ತದೆ.

ಪ್ರಶ್ನೆ: ನನ್ನ ತಾಯಿಗೆ ಪಾರ್ಕಿನ್ಸನ್ ಇದೆ. ನನಗೆ 34. ಮುಂದೆ ನನಗೂ ಬರುತ್ತಾ ಎಂದು ಈಗಲೇ ಸ್ಕ್ಯಾನ್ ಮಾಡಿಸಲೇ?
— ಓದುಗ, ಪಾಂಡವಪುರ

ಉತ್ತರ: ಬೇಡ. ಈ ಕಾಯಿಲೆ ಬಹುಪಾಲು ಜನರಲ್ಲಿ ಮನೆತನದಿಂದ ಬಂದದ್ದಲ್ಲ. ಆರೋಗ್ಯವಾಗಿರುವವರಿಗೆ ಮುಂದಿನದನ್ನು ಹೇಳಲು ಟ್ರೊಡ್ಯಾಟ್ ಮಾಡುವ ರೂಢಿಯೂ ಇಲ್ಲ. ನಿಮ್ಮ ತಾಯಿಗೆ 40 ತುಂಬುವ ಮೊದಲೇ ಶುರುವಾಗಿದ್ದರೆ, ಇಲ್ಲವೇ ಮನೆಯಲ್ಲಿ ಇನ್ನೂ ಒಬ್ಬಿಬ್ಬರಿಗೆ ಇದ್ದರೆ ಮತ್ತೆ ಬರೆಯಿರಿ. ಆಗ ಮಾತಾಡಬೇಕಾದ ಪರೀಕ್ಷೆಯೇ ಬೇರೆ.